ಆರಾಮವೂ ಆರೋಗ್ಯವೂ

ನಮ್ಮ ಕಡೆಯ ಮಾತಿನಲ್ಲಿ 'ಆರಾಮ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಇಬ್ಬರು ದಾರಿಯಲ್ಲಿ ಎದುರಾದರೆ "ಆರಾಮ ಅದೀರೇನ್ರಿ?" ಎಂದು ಕೇಳುವುದು ವಾಡಿಕೆ, ಅಲ್ಲಿ ಆರಾಮವೆಂದರೆ ಆರೋಗ್ಯ. ಜ್ವರ ಬಂದವನಿಗೆ "ಎರಡು ದಿನ ಆರಾಮ ತಗೋ" ಎನ್ನುವಾಗ ಆರಾಮವೆಂದರೆ ವಿಶ್ರಾಂತಿ. ಒಂದೇ ಶಬ್ದ ಎರಡನ್ನೂ ಹೇಳುವುದರಿಂದಲೋ ಏನೋ, ವಿಶ್ರಾಂತಿಯಿಂದಲೇ ಆರೋಗ್ಯ ಬರುವುದೆಂಬ ನಂಬಿಕೆ ನಮ್ಮ ಜನರಲ್ಲಿ ಬೇರೂರಿದೆ. ನೆಗಡಿ ಜ್ವರಗಳ ಮಟ್ಟಿಗೆ ಈ ನಂಬಿಕೆಯಿಂದ ಹಾನಿಯೇನೂ ಇಲ್ಲ. ಆದರೆ ಅರ್ಬುದ ರೋಗಕ್ಕಾಗಿ, ಎಂದರೆ ಕ್ಯಾನ್ಸರಿಗಾಗಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ವಿಷಯದಲ್ಲಿಯೂ, ಮೂತ್ರಪಿಂಡ, ಯಕೃತ್ತು, ಹೃದಯ ಮೊದಲಾದ ಅಂಗಗಳ ಕಸಿ ಮಾಡಿಸಿಕೊಂಡವರ ವಿಷಯದಲ್ಲಿಯೂ ಅದು ಎಷ್ಟೋ ವೇಳೆ ಸತ್ಯಕ್ಕೆ ವಿರುದ್ಧವಾಗಿದೆ. ಇಂಥ ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ, ಕೂರಿಸಿ, ಉಸಿರೆಳೆಸಿ, ನಡೆಸುವುದನ್ನೇ ವೃತ್ತಿಯಾಗಿ ಉಳ್ಳವರು ದೊಡ್ಡ ಆಸ್ಪತ್ರೆಗಳಲ್ಲಿ ಇದ್ದಾರೆ. ಅವರಿಗೆ ಫಿಜಿಯೋಥೆರಪಿಸ್ಟರೆಂದು ಹೆಸರು, ಕನ್ನಡದಲ್ಲಿ ಭೌತಚಿಕಿತ್ಸಕರೆನ್ನುವರು. ನಮ್ಮ ಉಳವಿಯ ಕಡೆಯವರು ಅಷ್ಟು ದೂರ ಹೋಗದೆ 'ಕಸರತ್ತು ಮಾಡಿಸೋರು' ಎಂದುಬಿಡುತ್ತಾರೆ. ಆ ಕಸರತ್ತಿನ ಹಿಂದಿರುವ ತಿಳಿವಳಿಕೆ ಎಂಥದು, ಅದರಿಂದ ಆಗುವುದೇನು, ಅದು ದೊರೆಯದಿದ್ದರೆ ಕಳೆದುಹೋಗುವುದೇನು ಎಂಬುದನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಈ ವೃತ್ತಿ ಬಹಳ ಹಳೆಯದೇನಲ್ಲ. ೧೮೯೪ರಲ್ಲಿ ಲಂಡನ್ನಿನ ನಾಲ್ವರು ದಾದಿಯರು ಅಂಗಮರ್ದನದಲ್ಲಿ ತರಬೇತಿ ಪಡೆದವರ ಸಂಘವೊಂದನ್ನು ಕಟ್ಟಿದರು. ಮೊದಲನೆಯ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರು ಸಾವಿರಗಟ್ಟಲೆಯಾಗಿ ಆಸ್ಪತ್ರೆಗಳಿಗೆ ಬಂದಾಗ ಈ ವಿದ್ಯೆಗೆ ಬೆಲೆ ಬಂದಿತು. ಅನಂತರ ಪೋಲಿಯೋ ರೋಗದಿಂದ ಕಾಲು ಬತ್ತಿದ ಮಕ್ಕಳ ಶುಶ್ರೂಷೆಯಲ್ಲಿ ಅದು ಮತ್ತಷ್ಟು ಬೆಳೆಯಿತು. ೧೯೫೧ರಲ್ಲಿ ಜಾಗತಿಕ ಒಕ್ಕೂಟವೊಂದು ಸ್ಥಾಪನೆಯಾಯಿತು. ಅದರ ನೆನಪಿಗಾಗಿ ಸೆಪ್ಟೆಂಬರ್ ೮ನ್ನು ವಿಶ್ವ ಫಿಜಿಯೋಥೆರಪಿ ದಿನವೆಂದು ಆಚರಿಸುತ್ತಾರೆ. ನಮ್ಮ ದೇಶದಲ್ಲಿ ೧೯೫೦ರ ದಶಕದಲ್ಲಿ ಮುಂಬಯಿಯಲ್ಲಿ ಇದರ ಶಿಕ್ಷಣ ಆರಂಭವಾಯಿತು. ೨೦೨೧ರಲ್ಲಿ ಸಂಸತ್ತು ಆರೋಗ್ಯಕ್ಷೇತ್ರದ ಸಹವೃತ್ತಿಗಳ ಬಗೆಗೆ ಕಾಯಿದೆಯೊಂದನ್ನು ಮಾಡಿ ಫಿಜಿಯೋಥೆರಪಿಯನ್ನೂ ಅದರಲ್ಲಿ ಸೇರಿಸಿತು. ಹೀಗೆ ಯುದ್ಧ ಮತ್ತು ಪೋಲಿಯೋಗಳಿಂದ ಬೆಳೆದ ಈ ವಿದ್ಯೆ ಇಂದು ಅರ್ಬುದ ಮತ್ತು ಅಂಗಕಸಿಯ ವಾರ್ಡುಗಳನ್ನೂ ಪ್ರವೇಶಿಸಿದೆ. ಹಿಂದೆ ಈ ರೋಗಿಗಳಲ್ಲಿ ಬದುಕುಳಿಯುವವರೇ ಕಡಿಮೆ. ಆದುದರಿಂದ ಮುಂದೆ ಅವರು ಹೇಗೆ ಬದುಕುವರೆಂಬ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಇಂದು ಬದುಕುಳಿಯುವವರು ಹೆಚ್ಚಿದ್ದಾರೆ, ಆ ಪ್ರಶ್ನೆಯೂ ಎದ್ದಿದೆ.

ಮೊದಲು ಹಾಸಿಗೆಯಿಂದ ಆಗುವ ಕೇಡನ್ನು ತಿಳಿಯೋಣ. ಮನುಷ್ಯನ ದೇಹ ಬಳಸಿದಷ್ಟು ಉಳಿಯುವ ವಸ್ತು. ಸುಮ್ಮನೆ ಮಲಗಿದವನ ಸ್ನಾಯುಗಳು ದಿನಕ್ಕೆ ಸುಮಾರು ಶೇಕಡಾ ಒಂದರಷ್ಟಾದರೂ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಕಾಲಿನ ರಕ್ತನಾಳಗಳಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಕಿತ್ತುಬಂದು ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಅರ್ಬುದ ರೋಗಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಸ್ವಭಾವ ಇತರರಿಗಿಂತ ಹೆಚ್ಚು. ಇನ್ನು ಹೊಟ್ಟೆ ಅಥವಾ ಎದೆಯನ್ನು ತೆರೆದು ಶಸ್ತ್ರಚಿಕಿತ್ಸೆ ಮಾಡಿದವರ ಸ್ಥಿತಿಯನ್ನು ನೋಡಿರಿ. ಗಾಯದ ನೋವಿಗೆ ಹೆದರಿ ಅವರು ಮೇಲಿಂದ ಮೇಲೆ ಚಿಕ್ಕ ಉಸಿರುಗಳನ್ನೇ ಎಳೆಯುತ್ತಾರೆ, ಕೆಮ್ಮನ್ನು ನುಂಗಿಕೊಳ್ಳುತ್ತಾರೆ. ಶ್ವಾಸಕೋಶದ ಕೆಳಭಾಗಕ್ಕೆ ಗಾಳಿ ಹೋಗುವುದಿಲ್ಲ, ಅಲ್ಲಿಯ ಗಾಳಿಗೂಡುಗಳು ಮುದುಡಿಕೊಳ್ಳುತ್ತವೆ, ಕಫ ಕಟ್ಟುತ್ತದೆ, ಅದರಲ್ಲಿ ರೋಗಾಣುಗಳು ಬೆಳೆದು ನ್ಯುಮೋನಿಯಾ ಆಗುತ್ತದೆ. ಗಡ್ಡೆಯನ್ನು ಚೆನ್ನಾಗಿಯೇ ತೆಗೆದಿದ್ದರೂ ರೋಗಿ ಇದರಿಂದ ಸಾಯಬಹುದು.

ಇದನ್ನು ತಡೆಯುವುದಕ್ಕಾಗಿ ಭೌತಚಿಕಿತ್ಸಕನು ಶಸ್ತ್ರಚಿಕಿತ್ಸೆಯ ಮರುದಿನವೇ, ಕೆಲವೊಮ್ಮೆ ಅದೇ ದಿನ ಸಂಜೆಯೇ, ರೋಗಿಯ ಬಳಿ ಬರುತ್ತಾನೆ. ನಿಜವಾಗಿ ನೋಡಿದರೆ ಅವನ ಕೆಲಸ ಅದಕ್ಕೂ ಮೊದಲೇ ಆರಂಭವಾಗಿರಬೇಕು. ನೋವು ಹುಟ್ಟುವ ಮುಂಚೆ ಕಲಿತ ಉಸಿರಾಟ ನೋವಿನ ನಡುವೆಯೂ ನೆನಪಿರುತ್ತದೆ. ಆಸ್ಪತ್ರೆಗೆ ಹೋದವರು ಮೂರು ಚೆಂಡುಗಳಿರುವ ಪ್ಲಾಸ್ಟಿಕ್ಕಿನ ಸಣ್ಣ ಸಾಧನವನ್ನು ಕಂಡಿರಬಹುದು. ನಳಿಗೆಯಿಂದ ಉಸಿರನ್ನು ಒಳಗೆಳೆದರೆ ಚೆಂಡುಗಳು ಮೇಲೇಳುತ್ತವೆ. ಸಾಮಾನ್ಯ ಮಾದರಿಯಲ್ಲಿ ಮೊದಲನೆಯದು ಏಳಲು ಕ್ಷಣಕ್ಕೆ ೬೦೦, ಎರಡನೆಯದಕ್ಕೆ ೯೦೦, ಮೂರನೆಯದಕ್ಕೆ ೧೨೦೦ ಮಿಲಿಲೀಟರಿನಷ್ಟು ಗಾಳಿಯ ವೇಗ ಬೇಕು. ನೋಡುವವರಿಗೆ ಮಕ್ಕಳಾಟಿಕೆಯಂತೆ ಕಾಣುವ ಇದು ಮುದುಡಿದ ಗಾಳಿಗೂಡುಗಳನ್ನು ಅರಳಿಸುವ ಉಪಾಯ. ಕೆಮ್ಮುವಾಗ ಹೊಟ್ಟೆಯ ಗಾಯದ ಮೇಲೆ ದಿಂಬನ್ನು ಒತ್ತಿ ಹಿಡಿಯಬೇಕೆಂಬುದನ್ನೂ ಆತನೇ ಕಲಿಸುತ್ತಾನೆ. ದಿಂಬಿನ ಆಸರೆ ಇದ್ದರೆ ನೋವು ಕಡಿಮೆಯಾಗುತ್ತದೆ. ನೋವು ಕಡಿಮೆಯಾದರೆ ಕೆಮ್ಮು ಗಟ್ಟಿಯಾಗುತ್ತದೆ. ಕೆಮ್ಮು ಗಟ್ಟಿಯಾದರೆ ಕಫ ಹೊರಗೆ ಬರುತ್ತದೆ. ಆಮೇಲೆ ಮಂಚದ ಅಂಚಿನಲ್ಲಿ ಕೂರುವುದು, ನಿಲ್ಲುವುದು, ನಾಲ್ಕು ಹೆಜ್ಜೆ, ವಾರ್ಡಿನ ಒಂದು ಸುತ್ತು, ಕೊನೆಗೆ ಮೆಟ್ಟಿಲು.

ಅರ್ಬುದದ ಶಸ್ತ್ರಚಿಕಿತ್ಸೆಗಳಲ್ಲಿ ನಮ್ಮ ನಾಡಿಗೆ ಬಹಳ ಹತ್ತಿರದ್ದು ಬಾಯಿಯದು. ತಂಬಾಕು ಅರ್ಬುದಕ್ಕೆ ಕಾರಣವೆಂದು ಎಲ್ಲರೂ ಬಲ್ಲರು. ಆದರೆ ತಂಬಾಕಿಲ್ಲದ ಎಲೆಯಡಿಕೆಯೂ ಅರ್ಬುದಕಾರಕವೇ ಎಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿದ್ದನ್ನು ಅಡಿಕೆ ಬೆಳೆಯುವ ಜಿಲ್ಲೆಯವರಾದ ನಾವು ಕೇಳಲು ಇಷ್ಟಪಡುವುದಿಲ್ಲ. ಬಾಯಿಯ ಅರ್ಬುದದಲ್ಲಿ ದವಡೆಯ ಭಾಗದೊಂದಿಗೆ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕಾಗಬಹುದು. ಕುತ್ತಿಗೆಯಿಂದ ಹೆಗಲಿಗೆ ಹೋಗುವ ಒಂದು ನರ ಅಲ್ಲಿಯೇ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಹೆಗಲು ಜೋಲುಬೀಳುತ್ತದೆ, ಕೈ ತಲೆಯ ಮೇಲಕ್ಕೆ ಏಳುವುದಿಲ್ಲ. ಮರವೇರುವವನಿಗೆ, ಸೌದೆ ಹೊರುವವನಿಗೆ ಇದು ಜೀವನೋಪಾಯದ ಪ್ರಶ್ನೆ. ಇನ್ನೊಂದು ತೊಂದರೆ ಬಾಯಿ ಕಟ್ಟಿಕೊಳ್ಳುವುದು. ಆರೋಗ್ಯವಂತನ ಬಾಯಲ್ಲಿ ಅವನ ಮೂರು ಬೆರಳು ಒಂದರ ಮೇಲೊಂದರಂತೆ ಹಿಡಿಸುತ್ತವೆ. ಹಲ್ಲುಗಳ ನಡುವಿನ ಅಂತರ ೩೫ ಮಿಲಿಮೀಟರಿಗಿಂತ ಕಡಿಮೆಯಾದರೆ ಬಾಯಿ ಕಟ್ಟಿದೆಯೆಂದು ಲೆಕ್ಕ. ವಿಕಿರಣ ಚಿಕಿತ್ಸೆಯಾದ ಮೇಲೆ ಈ ಬಿಗಿತ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೆಳೆಯುತ್ತ ಹೋಗಬಹುದು. ರೊಟ್ಟಿ ತಿನ್ನಲಾಗದೆ, ಹಲ್ಲುಜ್ಜಲಾಗದೆ, ಕಡೆಗೆ ವೈದ್ಯನು ಒಳಗೆ ನೋಡಲೂ ಆಗದೆ ರೋಗಿ ಸೊರಗುತ್ತಾನೆ. ಇದಕ್ಕೆ ಭೌತಚಿಕಿತ್ಸಕರು ಬಳಸುವ ಸಾಧನ ಅತ್ಯಂತ ಅಗ್ಗದ್ದು: ಐಸ್‌ಕ್ರೀಮಿನ ಮರದ ಕಡ್ಡಿಗಳು. ಅವುಗಳನ್ನು ಒಟ್ಟುಮಾಡಿ ಹಲ್ಲುಗಳ ನಡುವೆ ಇಡುವುದು, ಕೆಲವು ದಿನಗಳಿಗೊಮ್ಮೆ ಒಂದೊಂದು ಕಡ್ಡಿಯನ್ನು ಹೆಚ್ಚಿಸುವುದು. ಶಸ್ತ್ರವೈದ್ಯರ ಅಪ್ಪಣೆಯಾದ ಮೇಲೆ ದಿನಕ್ಕೆ ಹಲವು ಸಲ, ತಿಂಗಳುಗಳವರೆಗೆ, ಬೇಸರವಿಲ್ಲದೆ ಮಾಡಬೇಕಾದ ಕೆಲಸವಿದು.

ಎರಡನೆಯದು ಸ್ತನದ ಅರ್ಬುದ. ಇದರಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆಯುವುದುಂಟು. ಆ ಕಡೆಯ ಭುಜ ಬಿಗಿಯುತ್ತದೆ. ಕೈಯಿಂದ ಮರಳಬೇಕಾದ ದುಗ್ಧರಸಕ್ಕೆ ದಾರಿ ಸಾಲದೆ ಕೈ ಬಾತುಕೊಳ್ಳಬಹುದು. ಗಾಯದ ನೀರು ಇಳಿಯಲೆಂದು ಹಾಕಿದ ನಳಿಗೆ ಇರುವವರೆಗೆ ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆತ್ತದೆ ಸಣ್ಣ ವ್ಯಾಯಾಮಗಳನ್ನು ಮಾಡಿಸುವುದು ಸಾಮಾನ್ಯ ಪದ್ಧತಿ. ನಳಿಗೆ ತೆಗೆದ ಮೇಲೆ ರೋಗಿಯನ್ನು ಗೋಡೆಯ ಎದುರಿಗೆ ನಿಲ್ಲಿಸಿ, ಬೆರಳುಗಳಿಂದ ಹಲ್ಲಿಯಂತೆ ಗೋಡೆಯನ್ನು ಹತ್ತಿಸುತ್ತಾರೆ. ಪ್ರತಿದಿನ ತಲುಪಿದ ಎತ್ತರಕ್ಕೆ ಗುರುತು ಹಾಕುತ್ತಾರೆ.

ನಮ್ಮ ಊರಿನ ಒಬ್ಬ ಹೆಣ್ಣುಮಗಳ ವಿಷಯವನ್ನು ಇಲ್ಲಿ ಹೇಳಬೇಕು. ಆಕೆ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಬಂದಳು. ಬರುವಾಗ ಒಂದು ಕಾಗದವನ್ನು ಕೊಟ್ಟಿದ್ದರು. ಅದರಲ್ಲಿ ಚಿತ್ರಗಳಿದ್ದವು, ಬರವಣಿಗೆ ಇಂಗ್ಲಿಷಿನಲ್ಲಿತ್ತು. ಅದು ಔಷಧದ ಚೀಟಿಗಳೊಂದಿಗೆ ಪ್ಲಾಸ್ಟಿಕ್ ಚೀಲ ಸೇರಿ ಗೂಟಕ್ಕೆ ನೇತುಬಿದ್ದಿತು. ನೋಡಲು ಬಂದ ನೆರೆಹೊರೆಯವರೆಲ್ಲ ಪ್ರೀತಿಯಿಂದಲೇ, "ಕೈ ಆಡಿಸಬ್ಯಾಡವ್ವಾ, ಹೊಲಿಗಿ ಬಿಚ್ಚತಾವು, ಆರಾಮ ತಗೋ" ಎಂದರು. ಆಕೆ ಸೆರಗಿನಲ್ಲಿ ಕೈಯನ್ನು ಕಟ್ಟಿಕೊಂಡು ಎರಡು ತಿಂಗಳು ಕುಳಿತಳು. ಗಾಯ ಮಾಯಿತು, ರೋಗವೂ ಹೋಗಿತ್ತು, ಆದರೆ ಕೈ ಮೇಲೇಳಲಿಲ್ಲ. ತಲೆ ಬಾಚಿಕೊಳ್ಳಲು ಮಗಳನ್ನು ಕರೆಯಬೇಕಾಯಿತು. ಗಳುವಿನ ಮೇಲೆ ಸೀರೆ ಒಣಹಾಕಲಾಗಲಿಲ್ಲ. ಮರುತಪಾಸಣೆಗೆ ಹೋದಾಗ ಅಲ್ಲಿಯ ಭೌತಚಿಕಿತ್ಸಕಿ ಗೋಡೆ ಹತ್ತುವುದನ್ನು ಕಲಿಸಿದಳು. ಆರು ತಿಂಗಳು ದುಡಿದ ಮೇಲೆ ಬಾಚಣಿಗೆ ತಲೆಗೆ ಮುಟ್ಟಿತು. ಮೊದಲ ವಾರದಲ್ಲೇ ಆರಂಭಿಸಿದ್ದರೆ ಇಷ್ಟು ದುಡಿಮೆ, ಇಷ್ಟು ಕಣ್ಣೀರು ಬೇಕಾಗುತ್ತಿರಲಿಲ್ಲ. ಆಕೆಗೆ ಬುದ್ಧಿ ಹೇಳಿದ ನೆರೆಯವರಲ್ಲಿ ಯಾರೂ ಕೆಟ್ಟವರಲ್ಲ. ಆರಾಮ ಎಂಬ ಶಬ್ದದ ಎರಡು ಅರ್ಥಗಳನ್ನು ಅವರು ಒಂದೇ ಎಂದು ತಿಳಿದಿದ್ದರು.

ಶಸ್ತ್ರಚಿಕಿತ್ಸೆಯಾದ ಕೈಯಿಂದ ಮುಂದೆ ಭಾರ ಎತ್ತಲೇಬಾರದೆಂಬ ಭಯವೂ ಬಹುಕಾಲ ವೈದ್ಯಲೋಕದಲ್ಲಿಯೇ ಇತ್ತು. ೨೦೦೯ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಂಶೋಧನೆಯು, ಕೈ ಬಾತಿದ್ದ ಹೆಂಗಸರು ಮೇಲ್ವಿಚಾರಣೆಯಲ್ಲಿ ಸ್ವಲ್ಪಸ್ವಲ್ಪವಾಗಿ ಭಾರವನ್ನು ಹೆಚ್ಚಿಸಿಕೊಂಡು ಎತ್ತಿದರೆ ಬಾವು ಹೆಚ್ಚುವುದಿಲ್ಲವೆಂದು ತೋರಿಸಿತು. ಕೊಡ ಹೊರುವ, ಹೊರೆ ಎತ್ತುವ ನಮ್ಮ ಹೆಂಗಸರಿಗೆ ಇದು ಸಣ್ಣ ಸುದ್ದಿಯಲ್ಲ.

ಈಗ ಅಂಗಕಸಿಯ ಕಡೆಗೆ ಬರೋಣ. ಕಸಿ ಎಂಬ ಶಬ್ದ ನಮಗೆ ತೋಟದಿಂದ ಬಂದುದು. ಮಾವಿನ ಕಸಿ ಕಟ್ಟಿದವರು ಬಲ್ಲರು: ಕೊಂಬೆ ಕೂಡಿಕೊಂಡಿತೆಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಗಿಡವನ್ನು ಮುಂದೆಯೂ ನೋಡಿಕೊಳ್ಳಬೇಕು. ೧೯೫೪ರಲ್ಲಿ ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆಯವರು ಅವಳಿ ಸಹೋದರರ ನಡುವೆ ಮೂತ್ರಪಿಂಡದ ಕಸಿಯನ್ನು ಯಶಸ್ವಿಯಾಗಿ ಮಾಡಿದರು. ೧೯೬೭ರಲ್ಲಿ ಡಾ. ಕ್ರಿಶ್ಚಿಯನ್ ಬರ್ನಾರ್ಡರು ಕೇಪ್‌ಟೌನಿನಲ್ಲಿ ಹೃದಯದ ಕಸಿ ಮಾಡಿದರು. ನಮ್ಮ ದೇಶದಲ್ಲಿ ೧೯೭೧ರಲ್ಲಿ ವೆಲ್ಲೂರಿನಲ್ಲಿ ಮೂತ್ರಪಿಂಡದ ಕಸಿಯೂ, ೧೯೯೪ರಲ್ಲಿ ದೆಹಲಿಯಲ್ಲಿ ಡಾ. ವೇಣುಗೋಪಾಲರಿಂದ ಹೃದಯದ ಕಸಿಯೂ ಯಶಸ್ವಿಯಾದವು. ಅದೇ ೧೯೯೪ರಲ್ಲಿ ಮಾನವ ಅಂಗಗಳ ಕಸಿಯ ಕಾಯಿದೆಯೂ ಬಂದಿತು. ಕರ್ನಾಟಕದಲ್ಲಿ ಮೃತರು ದಾನ ಮಾಡಿದ ಅಂಗಗಳ ಹಂಚಿಕೆಯನ್ನು 'ಜೀವಸಾರ್ಥಕತೆ' ಎಂಬ ಸರಕಾರಿ ವ್ಯವಸ್ಥೆ ನೋಡಿಕೊಳ್ಳುತ್ತದೆ.

ಅಂಗಕಸಿಯ ರೋಗಿಗೂ ಬೇರೆ ರೋಗಿಗೂ ಭೌತಚಿಕಿತ್ಸಕನ ದೃಷ್ಟಿಯಲ್ಲಿ ಮುಖ್ಯವಾದ ವ್ಯತ್ಯಾಸಗಳಿವೆ. ಮೊದಲನೆಯದಾಗಿ, ಇಂಥವನು ಶಸ್ತ್ರಚಿಕಿತ್ಸೆಗೆ ಬರುವಾಗಲೇ ಸೋತಿರುತ್ತಾನೆ. ಯಕೃತ್ತು ಕೆಟ್ಟವನ ಹೊಟ್ಟೆಯಲ್ಲಿ ನೀರು ತುಂಬಿರುತ್ತದೆ, ಕೈಕಾಲಿನ ಮಾಂಸ ಕರಗಿರುತ್ತದೆ. ಎರಡನೆಯದಾಗಿ, ಪರರ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಔಷಧಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಅವುಗಳಲ್ಲಿ ಸ್ಟೀರಾಯ್ಡ್ ಎಂಬುದು ಸ್ನಾಯುವನ್ನೂ ಎಲುಬನ್ನೂ ಸಡಿಲಗೊಳಿಸುತ್ತದೆ. ಎಂದರೆ ಜೀವವನ್ನುಳಿಸುವ ಔಷಧವೇ ಕಾಲುಗಳನ್ನು ಬಲಗುಂದಿಸುತ್ತದೆ. ಆ ಬಲವನ್ನು ಮರಳಿ ಪಡೆಯುವ ಮುಖ್ಯ ದಾರಿ ವ್ಯಾಯಾಮ. ಆದರೆ ಹತ್ತು ಜನ ಸೇರುವ ಕಡೆ ಆತನನ್ನು ಕಳಿಸುವಂತಿಲ್ಲ. ಬಾಯಿಗೆ ಮುಸುಕು, ಕೈತೊಳೆಯುವುದು, ಸ್ವಚ್ಛ ಸ್ಥಳ ಎಲ್ಲವೂ ಬೇಕು. ಮೂತ್ರಪಿಂಡದ ಕಸಿಯಲ್ಲಿ ಹೊಸ ಪಿಂಡವನ್ನು ಬೆನ್ನಿನ ಕಡೆ ಇಡದೆ ಕೆಳಹೊಟ್ಟೆಯ ಒಂದು ಬದಿಗೆ ಇಡುತ್ತಾರೆಂಬುದನ್ನು ಎಷ್ಟೋ ಜನ ಅರಿಯರು. ಆದುದರಿಂದ ಮೊದಲ ಕೆಲವು ವಾರ ಭಾರವೆತ್ತುವುದು ಸಲ್ಲದು. ತುಂಬಿದ ಕೊಡವೊಂದರ ತೂಕವೇ ಹತ್ತು ಕಿಲೋ ಮೀರುವ ನಮ್ಮ ಮನೆಗಳಲ್ಲಿ ಈ ಎಚ್ಚರಿಕೆಯನ್ನು ಬಿಡಿಸಿ ಹೇಳಬೇಕಾಗುತ್ತದೆ. 'ಭಾರ ಎತ್ತಬೇಡಿ' ಎಂದರೆ ಸಾಲದು. 'ಕೊಡ ಎತ್ತಬೇಡಿ, ತಂಬಿಗೆ ಎತ್ತಬಹುದು' ಎಂದರೆ ತಿಳಿಯುತ್ತದೆ.

ಹೃದಯದ ಕಸಿಯ ವಿಷಯ ಇನ್ನೂ ವಿಚಿತ್ರ. ಹೃದಯವನ್ನು ದಾನಿಯಿಂದ ತೆಗೆಯುವಾಗ ಅದರ ನರಗಳು ಕಡಿದುಹೋಗುತ್ತವೆ. ನಮ್ಮ ನಿಮ್ಮ ಹೃದಯ ಓಡತೊಡಗಿದೊಡನೆ ನರಗಳ ಸೂಚನೆಯಂತೆ ವೇಗವಾಗಿ ಬಡಿಯುತ್ತದೆ. ಹೊಸ ಹೃದಯಕ್ಕೆ ಆ ಸೂಚನೆ ತಲುಪುವುದಿಲ್ಲ. ರಕ್ತದಲ್ಲಿ ಹರಿದುಬರುವ ರಸಗಳ ಮೂಲಕವೇ ಅದು ತಿಳಿಯಬೇಕು. ಆದುದರಿಂದ ಸುಮ್ಮನಿರುವಾಗಲೇ ಅದು ನಿಮಿಷಕ್ಕೆ ಸುಮಾರು ೯೦ರಿಂದ ೧೧೦ರವರೆಗೆ ಬಡಿಯುತ್ತದೆ. ನಡೆಯಲಾರಂಭಿಸಿದರೆ ನಿಧಾನವಾಗಿ ಏರುತ್ತದೆ. ನಿಂತ ಮೇಲೆ ನಿಧಾನವಾಗಿ ಇಳಿಯುತ್ತದೆ. ನಾಡಿ ಹಿಡಿದು ಶ್ರಮವನ್ನು ಅಳೆಯುವ ಸಾಮಾನ್ಯ ರೀತಿ ಇಲ್ಲಿ ಮೋಸಮಾಡುತ್ತದೆ. 'ಎಷ್ಟು ಕಷ್ಟವೆನಿಸುತ್ತಿದೆ?' ಎಂದು ರೋಗಿಯನ್ನೇ ಕೇಳಬೇಕು. ಇದಕ್ಕಾಗಿ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗರು ೬ರಿಂದ ೨೦ರವರೆಗಿನ ಅಳತೆಗೋಲೊಂದನ್ನು ಮಾಡಿದ್ದಾರೆ. ಯಂತ್ರಗಳಿಂದ ತುಂಬಿದ ಆಸ್ಪತ್ರೆಯಲ್ಲಿ ಕೊನೆಗೆ ರೋಗಿಯ ಮಾತೇ ಪ್ರಮಾಣವಾಗುವುದು ಸೋಜಿಗವಲ್ಲವೆ?

ರಕ್ತದ ಅರ್ಬುದಕ್ಕಾಗಿ ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡವರು ವಾರಗಟ್ಟಲೆ ಒಂದೇ ಕೋಣೆಯಲ್ಲಿ ಪ್ರತ್ಯೇಕವಾಗಿರಬೇಕಾಗುತ್ತದೆ. ಅವರ ಬಳಿ ಹೋಗುವ ಮುನ್ನ ಭೌತಚಿಕಿತ್ಸಕನು ಆ ದಿನದ ರಕ್ತಪರೀಕ್ಷೆಯನ್ನು ನೋಡುತ್ತಾನೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ೨೦,೦೦೦ಕ್ಕಿಂತ ಕೆಳಗಿಳಿದಿದ್ದರೆ ಸಾಮಾನ್ಯವಾಗಿ ಭಾರದ ವ್ಯಾಯಾಮವನ್ನು ಬಿಟ್ಟು ಹಗುರವಾದ ಚಲನೆಯನ್ನಷ್ಟೇ ಮಾಡಿಸುತ್ತಾನೆ. ಬಿದ್ದು ಪೆಟ್ಟಾದರೆ ಒಳಗೆ ರಕ್ತಸ್ರಾವವಾಗುವ ಭಯವಿದೆ. ಅರ್ಬುದ ಎಲುಬಿಗೆ ಹರಡಿದ್ದರೆ ಆ ಎಲುಬಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುತ್ತಾನೆ. ಗಡ್ಡೆಯಿರುವ ಜಾಗಕ್ಕೆ ಶಾಖವನ್ನಾಗಲಿ ಒತ್ತಡದ ಅಂಗಮರ್ದನವನ್ನಾಗಲಿ ಕೊಡುವುದಿಲ್ಲ. ಎಂದರೆ ಕಸರತ್ತು ಮಾಡಿಸುವ ವಿದ್ಯೆಯಲ್ಲಿ ಅರ್ಧದಷ್ಟು ಭಾಗ ಕಸರತ್ತನ್ನು ಯಾವಾಗ ನಿಲ್ಲಿಸಬೇಕೆಂಬುದೇ ಆಗಿದೆ. ನೆರೆಯವರು ಕೊಡುವ ಸಲಹೆಗೂ ಕಲಿತವರು ಕೊಡುವ ಸಲಹೆಗೂ ಇರುವ ಅಂತರ ಇದು.

ಎಲ್ಲ ರೋಗಿಗಳೂ ಗುಣವಾಗಿ ಮನೆಗೆ ಹೋಗುವುದಿಲ್ಲ. ಇನ್ನು ಉಳಿಯಲಾರೆನೆಂದು ತಿಳಿದವರ ಬಳಿಗೂ ಭೌತಚಿಕಿತ್ಸಕನು ಹೋಗುತ್ತಾನೆ. ಸಾಯುವವನಿಗೆ ವ್ಯಾಯಾಮವೇತಕ್ಕೆಂದು ಕೇಳಬಹುದು. ಕೊನೆಯವರೆಗೂ ಎದ್ದು ಕುಳಿತು ತನ್ನ ಕೈಯಾರೆ ನೀರು ಕುಡಿಯುವುದು, ಇನ್ನೊಬ್ಬರು ಹಿಡಿಯದೆ ಬಚ್ಚಲಿಗೆ ಹೋಗಿಬರುವುದು, ಉಸಿರು ಕಟ್ಟಿದಾಗ ಯಾವ ಭಂಗಿಯಲ್ಲಿ ಕುಳಿತರೆ ಹಗುರವೆಂದು ತಿಳಿದಿರುವುದು, ಇವು ಮನುಷ್ಯನ ಮಾನಕ್ಕೆ ಸಂಬಂಧಿಸಿದ ಸಂಗತಿಗಳು. ಆಯುಷ್ಯವನ್ನು ಹೆಚ್ಚಿಸಲಾಗದ ಕಡೆಯಲ್ಲಿಯೂ ಮಾನವನ್ನು ಉಳಿಸಬಹುದು.

ಇನ್ನು ಉಳವಿಗೂ ಈ ವಿಷಯಕ್ಕೂ ಇರುವ ಸಂಬಂಧ. ಚೆನ್ನಬಸವಣ್ಣನವರ ಸಮಾಧಿ ಇರುವ ನಮ್ಮ ಊರಿಗೆ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಧಾರವಾಡ ಬೆಳಗಾವಿಯ ಕಡೆಯಿಂದ ಜನ ಚಕ್ಕಡಿ ಕಟ್ಟಿಕೊಂಡು ಕಾಡಿನ ದಾರಿಯಲ್ಲಿ ಬರುತ್ತಾರೆ. ನಮ್ಮ ರೋಗಿಗಳು ಅದೇ ದಾರಿಯನ್ನು ಹಿಂದುಮುಂದಾಗಿ ಹಿಡಿಯಬೇಕು: ಜೋಯಿಡಾ ದಾಂಡೇಲಿಗಳನ್ನು ದಾಟಿ ಧಾರವಾಡಕ್ಕೆ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ೧೯೫೭ರಲ್ಲಿ ಆರಂಭವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ, ಇಲ್ಲವೆ ಬೆಳಗಾವಿಗೆ, ಅಲ್ಲಿಯೂ ಆಗದಿದ್ದರೆ ೧೯೭೩ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ. ೨೦೧೮ರಲ್ಲಿ ಬಂದ ಆಯುಷ್ಮಾನ್ ಭಾರತ - ಆರೋಗ್ಯ ಕರ್ನಾಟಕ ಯೋಜನೆಯಿಂದ ಬಡವರಿಗೆ ಶಸ್ತ್ರಚಿಕಿತ್ಸೆಯ ಖರ್ಚಿನ ಭಾರ ಇಳಿದಿದೆ. ಆದರೆ ಭೌತಚಿಕಿತ್ಸೆ ಒಂದು ದಿನದಲ್ಲಿ ಮುಗಿಯುವುದಲ್ಲ. ತಿಂಗಳುಗಟ್ಟಲೆ ನಡೆಯಬೇಕಾದ ಅದಕ್ಕಾಗಿ ವಾರಕ್ಕೆರಡು ಸಲ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗುವಷ್ಟು ಹಣವೂ ಬಿಡುವೂ ಕುಣಬಿಯ, ಗೌಳಿಯ, ಸಿದ್ದಿಯ ಮನೆಯಲ್ಲಿ ಎಲ್ಲಿಂದ ಬರಬೇಕು? ಶಸ್ತ್ರಚಿಕಿತ್ಸೆ ಪಟ್ಟಣದಲ್ಲಿ ಆಗಲಿ, ಅದಕ್ಕೆ ಅಡ್ಡಿಯಿಲ್ಲ. ಚೇತರಿಕೆಯಾದರೋ ಹಳ್ಳಿಯ ಮನೆಯಲ್ಲಿಯೇ ಆಗಬೇಕು. ಆದುದರಿಂದ ತಾಲೂಕಿಗೊಬ್ಬ ಭೌತಚಿಕಿತ್ಸಕನು ಹಳ್ಳಿಹಳ್ಳಿಗೆ ತಿರುಗುವಂತಾಗಬೇಕೆಂದು ಕೇಳುವುದು ನ್ಯಾಯವಾಗಿಯೇ ಇದೆ. ವ್ಯಾಯಾಮದ ಕಾಗದಗಳು ಕನ್ನಡದಲ್ಲಿಯೂ, ಅಗತ್ಯವಿದ್ದ ಕಡೆ ಕೊಂಕಣಿ ಮರಾಠಿಗಳಲ್ಲಿಯೂ ಇರಬೇಕೆಂಬುದೂ ಅಷ್ಟೇ ನ್ಯಾಯ.

ಅಲ್ಲಿಯವರೆಗೆ ನಾವು ಮಾಡಬಹುದಾದುದೇನು? ಈ ಕಾಲೇಜಿನಲ್ಲಿ ಓದುತ್ತಿರುವ ನಮ್ಮಲ್ಲಿ ಅನೇಕರು ತಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು. ಆಸ್ಪತ್ರೆಯಿಂದ ಬಂದ ಕಾಗದವನ್ನು ಓದಬಲ್ಲವರು ಕೇರಿಯಲ್ಲಿ ನಾವೇ ಆಗಿರುವ ಸಂದರ್ಭಗಳಿವೆ. ನಾವು ವೈದ್ಯರಲ್ಲ, ಸಲಹೆ ಕೊಡುವ ಅಧಿಕಾರವೂ ನಮಗಿಲ್ಲ. ಆದರೆ ಗೂಟಕ್ಕೆ ನೇತುಬಿದ್ದ ಚೀಲವನ್ನು ಇಳಿಸಿ, ಅದರಲ್ಲಿರುವುದನ್ನು ಮನೆಯ ಮಾತಿನಲ್ಲಿ ಓದಿ ಹೇಳಬಹುದು. ಗೋಡೆಯ ಮೇಲೆ ಇದ್ದಿಲಿನಿಂದ ಈ ದಿನದ ಗುರುತನ್ನು ಹಾಕಬಹುದು. ಕೈ ಬಾತಿದರೆ, ಜ್ವರ ಬಂದರೆ, ಕಾಲಿನ ಮೀನಖಂಡ ಒಂದೇ ಕಡೆ ಊದಿ ನೋಯತೊಡಗಿದರೆ ತಡಮಾಡದೆ ಆಸ್ಪತ್ರೆಗೆ ಫೋನು ಮಾಡಬಹುದು. ನೋಡಲು ಬಂದವರು "ಆರಾಮ ತಗೋ" ಎಂದಾಗ, ಹಿರಿಯರಿಗೆ ಎದುರಾಡದೆ, ಡಾಕ್ಟರು ದಿನಾ ಇಷ್ಟು ಹೆಜ್ಜೆ ನಡೆಯಲು ಹೇಳಿದ್ದಾರೆಂದು ತಿಳಿಸಿ, ರೋಗಿಯ ಜೊತೆಗೆ ಅಂಗಳದಲ್ಲಿ ನಾವೇ ನಾಲ್ಕು ಸುತ್ತು ಹಾಕಬಹುದು. ಪದವಿಯ ಉಪಯೋಗವೇನೆಂದು ನಮ್ಮನ್ನು ಕೇಳುವವರಿಗೆ ಇದೂ ಒಂದು ಉತ್ತರ.